ದಿಂಬಂ ಘಾಟಿಯಿಂದ ಕಪ್ಪುಕಾಡಿನವರೆಗೆ

ತಾಳವಾಡಿಯ ಕಡೆಯಿಂದ ಸತ್ಯಮಂಗಲಕ್ಕೆ ಇಳಿದಿರುವ ವಾಚಕರಿಗೆ ದಿಂಬಂ ಘಾಟಿಯ 27 ತಿರುವುಗಳನ್ನು ನಾವು ಪರಿಚಯಿಸಬೇಕಾಗಿಲ್ಲ. ನಮ್ಮ ಅಣ್ಣನವರು ಆ ತಿರುವುಗಳಲ್ಲಿ ಲಾರಿ ನಡೆಸಿಯೇ ಮಕ್ಕಳನ್ನು ಓದಿಸಿದವರು. ಅವರ ಮಗ ಈಗ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಇಂಜಿನಿಯರು. ಅವನ ಕರೆಯ ಮೇರೆಗೆ ನಾವಿಬ್ಬರೂ ಅಲ್ಲಿಗೆ ಹೋದಾಗ ಮನೆಯಲ್ಲಿ ಒಂದು ಜಿಜ್ಞಾಸೆ ನಡೆದಿತ್ತು. ಹಲವು ವರ್ಷ ಕೂಡಿಟ್ಟ ಹಣದಲ್ಲಿ ಅವನು ಪೋರ್ಷೆ ಕಂಪೆನಿಯ ಹಳೆಯ ಕೇಮನ್ ಕಾರೊಂದನ್ನು ಕೊಳ್ಳುವವನಿದ್ದ. ಕೈಯಿಂದ ಗೇರು ಬದಲಿಸುವ ಕಾರು ಲೇಸೋ, ಎರಡು ಕ್ಲಚ್ಚುಗಳ ಸ್ವಯಂಚಾಲಿತ ಕಾರು ಲೇಸೋ? “ಅಪ್ಪನಿಂದ ಕಲಿತ ವಿದ್ಯೆ, ಬಿಡಲಾರೆ” ಎಂಬುದು ಅವನ ವಾದ. ಅಣ್ಣನವರು ಮಾತ್ರ ಎಡಮೊಣಕಾಲನ್ನು ನೀವಿಕೊಳ್ಳುತ್ತ ಸುಮ್ಮನಿದ್ದರು.

ಮರುದಿನ ರೈಲಿನಲ್ಲಿ ನಗರದ ಉತ್ತರಕ್ಕಿರುವ ಝುಫೆನ್‌ಹೌಸನ್‌ಗೆ ಹೋಗಿ ಪೋರ್ಷೆಯ ವಸ್ತುಸಂಗ್ರಹಾಲಯವನ್ನು ನೋಡಿದೆವು. 2009ರಲ್ಲಿ ತೆರೆದ ಆ ಬೃಹತ್ ಭವನವು ಮೂರು ಆಧಾರಗಳ ಮೇಲೆ ನಿಂತು ನೆಲದಿಂದ ಮೇಲೆದ್ದಂತೆ ತೋರುತ್ತದೆ. ಎರಡು ಕ್ಲಚ್ಚುಗಳ ಕಲ್ಪನೆ 1939ರಲ್ಲಿ ಫ್ರಾನ್ಸಿನ ಅಡಾಲ್ಫ್ ಕೆಗ್ರೆಸ್ ಎಂಬಾತನಿಗೆ ಹೊಳೆದದ್ದಂತೆ. ಪೋರ್ಷೆಯವರು 1980ರ ದಶಕದಲ್ಲಿ ಅದನ್ನು ಪಂದ್ಯದ ಕಾರುಗಳಲ್ಲಿ ಒರೆಗೆ ಹಚ್ಚಿದರು. 1986ರಲ್ಲಿ ಇಟಲಿಯ ಮೊಂಜಾದಲ್ಲಿ ಗೆದ್ದರು. ಪ್ರಸಿದ್ಧವಾದ 911 ಮಾದರಿಗೆ ಅದು ಬಂದದ್ದು 2008ರಲ್ಲಿ.

ಅದರ ಮರ್ಮ ಸರಳವಾದುದು. ಒಂದು ಕ್ಲಚ್ಚು ಬೆಸ ಸಂಖ್ಯೆಯ ಗೇರುಗಳನ್ನೂ ಇನ್ನೊಂದು ಸಮ ಸಂಖ್ಯೆಯ ಗೇರುಗಳನ್ನೂ ನೋಡಿಕೊಳ್ಳುತ್ತದೆ. ಮೂರನೆಯ ಗೇರಿನಲ್ಲಿ ಓಡುತ್ತಿರುವಾಗಲೇ ನಾಲ್ಕನೆಯದು ಸಿದ್ಧವಾಗಿರುತ್ತದೆ. ಒಂದು ಬಿಟ್ಟೊಡನೆ ಇನ್ನೊಂದು ಹಿಡಿಯುವುದರಿಂದ ಎಳೆತ ಕಡಿಯುವುದಿಲ್ಲ. “ಅಂದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ಪೆಟ್ಟಿಗೆ” ಎಂದರು ಅಣ್ಣನವರು. 2021ರ 911 ಜಿಟಿ3 ಕಾರು ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೇರಲು ಕೈಗೇರಿನಲ್ಲಿ 3.9 ಸೆಕೆಂಡು ಬೇಕಾದರೆ, ಇದರಲ್ಲಿ 3.4 ಸಾಕು. ಆದರೂ 2013ರಲ್ಲಿ ಜಿಟಿ3ಯಿಂದ ಕೈಗೇರನ್ನು ತೆಗೆದುಹಾಕಿದಾಗ ಅಭಿಮಾನಿಗಳು ಗೊಣಗಿದರು. 2017ರಲ್ಲಿ ಕಂಪೆನಿಯೇ ಅದನ್ನು ಮರಳಿ ತಂದಿತು. ವೇಗವೊಂದೇ ಮನುಷ್ಯನ ಬಯಕೆಯಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಭಾನುವಾರ ಎರಡು ಬಗೆಯ ಎರಡು ಕೇಮನ್ ಕಾರುಗಳಲ್ಲಿ ಕಪ್ಪುಕಾಡಿನ ಬೆಟ್ಟದ ಹಾದಿ ಹಿಡಿದೆವು. ಒಂದು ಬಾಡಿಗೆಯದು, ಇನ್ನೊಂದು ಮಗನ ಗೆಳೆಯನದು. ಕಾರಿಗೆ ಎರಡೇ ಆಸನ. ಆದ್ದರಿಂದ ಏರುವಾಗ ನಾವು ಗೆಳೆಯನೊಡನೆ ಎರಡು ಕ್ಲಚ್ಚಿನ ಕಾರಿನಲ್ಲಿ, ಅಣ್ಣನವರು ಮಗನೊಡನೆ ಕೈಗೇರಿನ ಕಾರಿನಲ್ಲಿ. ಬಾಡೆನ್-ಬಾಡೆನ್ ಪಟ್ಟಣದಿಂದ ಫ್ರಾಯ್ಡೆನ್‌ಸ್ಟಾಟ್ ಕಡೆಗೆ ಸಾಗುವ ಆ ರಸ್ತೆ ಶಂಕುಮರಗಳ ದಟ್ಟ ನೆರಳಿನಲ್ಲಿ ಬಳುಕುತ್ತ ಏರುತ್ತದೆ. ನಮ್ಮ ಕಾರು ತಿರುವಿನ ಮುನ್ನ ತಾನೇ ಗೇರು ಇಳಿಸಿಕೊಳ್ಳುತ್ತಿತ್ತು. ಚಾಲಕನ ಕೈ ಸ್ಟಿಯರಿಂಗ್ ಬಿಟ್ಟು ಕದಲಲಿಲ್ಲ. ನಿದ್ದೆ ಬರುವಷ್ಟು ನಯವಾದ ಪಯಣ.

ಸುಮಾರು 1,030 ಮೀಟರ್ ಎತ್ತರದಲ್ಲಿರುವ ಮುಮ್ಮೆಲ್ ಸರೋವರದ ದಡದಲ್ಲಿ ಕಾಫಿಗೆ ಕುಳಿತಾಗ ಅಣ್ಣನವರು ಮೌನ ಮುರಿದರು.

“ನೋಡಪ್ಪಾ, ದಿಂಬದಲ್ಲಿ ನಾನು ಗೇರು ಇಳಿಸಿದ್ದು ಸಂತೋಷಕ್ಕಲ್ಲ, ಬ್ರೇಕು ಕಾದು ಕೈಕೊಡಬಾರದೆಂದು. ಆಗ ಇಂಥ ಪೆಟ್ಟಿಗೆ ಕೊಟ್ಟಿದ್ದರೆ ಅದಕ್ಕೆ ಕೈ ಮುಗಿಯುತ್ತಿದ್ದೆ, ಈ ಮೊಣಕಾಲೂ ಉಳಿಯುತ್ತಿತ್ತು. ನನ್ನ ನೆನಪಿಗೆಂದು ಕಷ್ಟ ಕೊಳ್ಳಬೇಡ. ನಿನಗೇ ಬೇಕೆನಿಸಿದರೆ ಕೊಳ್ಳು.”

ಮಗ ತಲೆ ತಗ್ಗಿಸಿದ. ಅಪ್ಪನ ವಿದ್ಯೆಯನ್ನು ಗೌರವಿಸಿದ್ದೇನೆಂದುಕೊಂಡಿದ್ದವನಿಗೆ ಅದರ ಬೆಲೆ ಆ ಕ್ಷಣ ತಿಳಿದಿರಬೇಕು. ಇಳಿಯುವಾಗ ನಾವು ಕಾರು ಬದಲಿಸಿಕೊಂಡೆವು. ಪಕ್ಕದಲ್ಲಿ ಕುಳಿತು ಅವನ ಕೈಕಾಲುಗಳ ಹೊಂದಾಣಿಕೆಯನ್ನೂ, ಪ್ರತಿ ತಿರುವಿನಲ್ಲಿ ಮುಖದಲ್ಲಿ ಮೂಡುತ್ತಿದ್ದ ಎಚ್ಚರವನ್ನೂ ಕಂಡೆವು. ಅದು ಅಪ್ಪನ ಆತಂಕವಾಗಿರಲಿಲ್ಲ, ಅವನದೇ ಆನಂದವಾಗಿತ್ತು.

ನಗರದ ದಟ್ಟಣೆಯಲ್ಲಿ ನಿತ್ಯ ನಿಂತು ಸಾಗುವವರಿಗೆ ಎರಡು ಕ್ಲಚ್ಚೇ ಹಿತವೆಂದು ನಮ್ಮ ಅಭಿಪ್ರಾಯ. ಆದರೆ ನಮ್ಮ ಹುಡುಗ ಕಚೇರಿಗೆ ಹೋಗುವುದು ರೈಲಿನಲ್ಲಿ. ಕಾರು ಭಾನುವಾರದ ಬೆಟ್ಟಕ್ಕೆ ಮಾತ್ರ. ನಾವು ಊರಿಗೆ ಮರಳಿದ ಮೇಲೆ ಅವನಿಂದ ಸುದ್ದಿ ಬಂತು: “ಕೈಗೇರಿನ ಕಾರನ್ನೇ ಕೊಂಡೆ. ನನಗಾಗಿಯೇ ಕೊಂಡೆ.”

ಓದಿ ಹೇಳಿದಾಗ ಅಣ್ಣನವರು ಕ್ಷಣಕಾಲ ಅಂಗಳವನ್ನೇ ನೋಡುತ್ತಿದ್ದು, “ಇಳಿಜಾರಿನಲ್ಲಿ ಬ್ರೇಕನ್ನೇ ನಂಬಬೇಡ ಎಂದು ಬರೆ” ಎಂದರು.