ಮೇಷ್ಟ್ರಿಗೆ ಶಾಲು ಬೇಡ್ವಂತೆ

ಬೆಂಗಳೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್ ಜೊತೆ ಪೆಲೆಗೂ ಪ್ರತಿಮೆ ಇದೆ, ನೋಡಿದ್ದೀರಾ? ಫುಟ್‌ಬಾಲಿಗೆ ಅಷ್ಟು ಮರ್ಯಾದೆ ಕೊಡೋ ಊರು ನಮ್ಮದು. ಆದ್ರೆ ನಮ್ಮ ಮೇಷ್ಟ್ರಂಥವರಿಗೆ? ಬೆಳಗ್ಗೆ ಐದೂವರೆಗೇ ಬಂದು ಮೈದಾನಕ್ಕೆ ಸುಣ್ಣದ ಗೆರೆ ಎಳೆದು, ಚೆಂಡಿಗೆ ಗಾಳಿ ತುಂಬಿ, ಬರಿಗಾಲ ಹುಡುಗರಿಗೆ ಯಾರದೋ ಹಳೇ ಬೂಟು ಹೊಂದಿಸಿಕೊಡ್ತಿದ್ದರು. ಸಂಬಳ ಒಂದು ಪೈಸೆ ಇಲ್ಲ.

ಮೈಸೂರು ರಾಜ್ಯವಾಗಿದ್ದಾಗ 1968-69ರಲ್ಲಿ ಗೆದ್ದ ಸಂತೋಷ್ ಟ್ರೋಫಿ ನಮಗೆ ಮತ್ತೆ ಸಿಕ್ಕಿದ್ದು 2023ರಲ್ಲಿ, ಅದೂ ರಿಯಾದ್‌ನಲ್ಲಿ. ನಡುವಿನ 54 ವರ್ಷ ಆಟ ಉಳಿಸಿದ್ದು ಇಂಥವರೇ ಅಲ್ವಾ?

ತೀರಿಕೊಂಡ ಮೇಲೆ ‘ಸ್ಮಾರಕ ಪಂದ್ಯಾವಳಿ’ ಮಾಡೋದರಲ್ಲಿ ನಾವು ನಿಸ್ಸೀಮರು. (ಅಲ್ಲೂ ಶಾಲು, ಹಾರ ಸ್ಪಾನ್ಸರಿಗೇ!) ಅದಕ್ಕೇ ಈ ಸಲ ಹಳೇ ಹುಡುಗರೆಲ್ಲ ದುಡ್ಡು ಹಾಕಿ ಮೇಷ್ಟ್ರ ಮಂಡಿ ಆಪರೇಶನ್ ಮಾಡಿಸೋಣ ಅಂತ ಹೋದ್ವಿ.

“ಮೊದಲು ಗೋಲ್‌ಪೋಸ್ಟಿಗೆ ನೆಟ್ ಹಾಕಿಸ್ರೋ” ಅಂದರು.