ಕಯಾಕೇ ಕೈಲಾಸ

ಮಾನ್ಮತ್ ಜಂಕ್ಷನ್ನಿನ ನಮ್ಮ ಮನೆಯ ಗರಾಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿ 12 ಅಡಿ ಉದ್ದದ ಹಸಿರು ಬಣ್ಣದ ಒಂದು ದೋಣಿ ಮಲಗಿದೆ. ಹಿಮ ಬಿದ್ದ ಬೆಳಿಗ್ಗೆ ನಾನು ಹೊರಗೆ ನಿಂತು ಕಾರಿನ ಗಾಜು ಕೆರೆಯುತ್ತಿದ್ದರೆ ನನ್ನಾಕೆ ಕಿಟಕಿಯಿಂದ ನೋಡಿ, "ಕಾಯಕವೇ ಕೈಲಾಸ ಅಂತ ಶರಣರು ಹೇಳಿದ್ರು. ನಿಮ್ಮದು ಮಾತ್ರ ಕಯಾಕೇ ಕೈಲಾಸ" ಎಂದು ಮೂದಲಿಸುತ್ತಾಳೆ. ನಮ್ಮ ಕೂಟದ ಗೆಳೆಯರಿಗೂ ಈ ಮಾತು ತಲುಪಿ, "ಸ್ಮರಣ ಸಂಚಿಕೆಗೆ ಆ ದೋಣಿಯ ಕಥೆಯನ್ನೇ ಬರೆದುಕೊಡಿ ಸಾರ್" ಎಂದು ಸಂಪಾದಕರು ಗಂಟುಬಿದ್ದರು. ಕಥೆ ನಗುವಂಥದ್ದೇ, ಆದರೆ ಪೂರ್ತಿ ನಗುವಂಥದ್ದಲ್ಲ. ಇರಲಿ, ಮೊದಲಿನಿಂದ ಹೇಳುತ್ತೇನೆ.

ನಮ್ಮೂರು ಕುಂದಾಪುರದ ಪಕ್ಕದ ಉಪ್ಪಿನಕುದ್ರು. ಯಕ್ಷಗಾನ ಗೊಂಬೆಯಾಟಕ್ಕೆ ಹೆಸರಾದ ಊರು ಅದು. ಕುದ್ರು ಎಂದರೆ ನಡುಗಡ್ಡೆ. ಎತ್ತ ನೋಡಿದರೂ ಹೊಳೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಬಂದು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುವ ಜಾಗ. ಅಪ್ಪಯ್ಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ವಾರದ ಆರು ದಿನ ಮಕ್ಕಳ ಕಿವಿ ಹಿಂಡುತ್ತಿದ್ದ ಅವರು ಭಾನುವಾರ ಮಾತ್ರ ಒಂದು ಸಣ್ಣ ದೋಣಿ, ಒಂದು ಬಿದಿರ ಗಳು, ಒಂದು ಗಾಳ ಹಿಡಿದು ಇಳಿತದ ಹೊತ್ತಿಗೆ ಹೊಳೆಗೆ ಹೋಗಿಬಿಡುತ್ತಿದ್ದರು. ಮೊಣಕಾಲುದ್ದದ ನೀರಿನಲ್ಲಿ ಗಳು ಊರಿ ದೋಣಿ ನಿಲ್ಲಿಸಿ, ಕಾಣೆ ಮೀನಿಗೆ ಕಾಯುತ್ತ ಗಂಟೆಗಟ್ಟಲೆ ಮಾತಿಲ್ಲದೆ ಕೂರುವುದು ಅವರ ಪೂಜೆ, ಅವರ ವಿಶ್ರಾಂತಿ, ಎಲ್ಲವೂ.

ಅಂಥವರು 2023ರ ಏಪ್ರಿಲ್ ಮೊದಲ ವಾರ ಅಮ್ಮನ ಜೊತೆ ಆರು ತಿಂಗಳಿಗೆಂದು ಇಲ್ಲಿಗೆ ಬಂದರು. ಆಗ ಅವರಿಗೆ 73. ನಿಮ್ಮಲ್ಲಿ ಹಲವರಿಗೆ ಇದು ಗೊತ್ತಿರುವ ಸಂಗತಿ: ಮೊದಲ ಎರಡು ವಾರ ಮೊಮ್ಮಗಳು, ದೇವಸ್ಥಾನ, ಮಾಲು, ಮ್ಯಾನ್‌ಹಟನ್. ಮೂರನೆಯ ವಾರದಿಂದ ಕಿಟಕಿ. ಅಮ್ಮನಿಗೆ ಅಡುಗೆಮನೆ ಇತ್ತು, ಪಕ್ಕದ ಗುಜರಾತಿ ಅಜ್ಜಿಯ ಜೊತೆ ಕೈಸನ್ನೆಯ ಹರಟೆ ಇತ್ತು. ಅಪ್ಪಯ್ಯನಿಗೆ ಕಾಣುತ್ತಿದ್ದುದು ಪಾರ್ಕಿಂಗ್ ಲಾಟ್ ಒಂದೇ.

ಒಂದು ದಿನ ಕಿಂಗ್‌ಸ್ಟನ್ ಕಡೆ ಕರೆದುಕೊಂಡು ಹೋದೆ. ಮನೆಯಿಂದ ಹತ್ತು ನಿಮಿಷದ ದಾರಿ. ಅಲ್ಲಿ ಡೆಲವೇರ್ ಮತ್ತು ರಾರಿಟನ್ ಕಾಲುವೆ ಹರಿಯುತ್ತದೆ. 1834ರಲ್ಲಿ ತೆರೆದ ಕಾಲುವೆ. ಬಹುಪಾಲು ಐರ್ಲೆಂಡಿನಿಂದ ಬಂದ ಕೂಲಿಗಳು ಗುದ್ದಲಿ ಹಿಡಿದು ಅಗೆದದ್ದು. ಒಂದು ಕಾಲಕ್ಕೆ ಕಲ್ಲಿದ್ದಲು ಹೊತ್ತ ದೋಣಿಗಳನ್ನು ಹೇಸರಗತ್ತೆಗಳು ದಂಡೆಯ ಮೇಲೆ ನಡೆಯುತ್ತ ಎಳೆಯುತ್ತಿದ್ದವು. ಈಗ ಅದು ಸ್ಟೇಟ್ ಪಾರ್ಕ್. ನೀರು ಕಂಡದ್ದೇ ತಡ ಅಪ್ಪಯ್ಯನ ಮುಖವೇ ಬದಲಾಯಿತು. ಅಲ್ಲೊಬ್ಬ ಕಯಾಕ್‌ನಲ್ಲಿ ಕುಳಿತು ಗಾಳ ಹಾಕುತ್ತಿದ್ದ. ಅವನನ್ನು ಅರ್ಧ ಗಂಟೆ ನೋಡಿದರು. ಕೊನೆಗೆ, "ನಿಮ್ಮಲ್ಲಿ ದೋಣಿ ಸಿಕ್ಕತ್ತಾ?" ಎಂದರು. ಬಂದ ಮೇಲೆ ಅವರು ಬಾಯಿ ಬಿಟ್ಟು ಕೇಳಿದ ಮೊದಲ ವಸ್ತು ಅದು.

ಕೇಳಿದ್ದನ್ನು ಕೊಡಿಸುವ ಉತ್ಸಾಹದಲ್ಲಿ ನಾನು ಮಾಡಿದ ತಪ್ಪೆಂದರೆ, ಬೆಲೆ ಮಾತ್ರ ನೋಡಿದ್ದು. ಯಾರೋ ಮನೆ ಖಾಲಿ ಮಾಡುತ್ತ ಮಾರಿದ ಹಳೆಯ ಕಯಾಕ್ ಅಗ್ಗಕ್ಕೆ ಸಿಕ್ಕಿತು. ಉದ್ದ 14 ಅಡಿ, ಅಗಲ 24 ಇಂಚು. ಕಾಲುಗಳನ್ನು ಒಳಗೆ ತೂರಿಸಿ ಕೂರುವ ಸಿಟ್-ಇನ್ ಮಾದರಿ. ಕಾರಿನ ಮೇಲೆ ಕಟ್ಟಿ ತಂದಾಗ ಬೀದಿಯವರೆಲ್ಲ ನೋಡುವಷ್ಟು ಚೆಂದ. ಅಪ್ಪಯ್ಯ ಮಾತ್ರ ಸುತ್ತು ಬಂದು, "ಇದೆಂತ ಮಾರಾಯ, ಬಾಳೆದಿಂಡಾ?" ಎಂದರು. ನಾನು ನಕ್ಕುಬಿಟ್ಟೆ.

ಏಪ್ರಿಲ್ ಕೊನೆಯ ಶನಿವಾರ. ಹೊರಗೆ 70 ಡಿಗ್ರಿ ಬಿಸಿಲು, ಎಲ್ಲರೂ ಅರ್ಧ ತೋಳಿನ ಅಂಗಿಯಲ್ಲಿ. ನೀರು ಮಾತ್ರ ಇನ್ನೂ ಚಳಿಗಾಲದಲ್ಲೇ ಇತ್ತು. ಲೈಫ್ ಜಾಕೆಟ್ ತಂದಿದ್ದೆ, "ಐವತ್ತು ವರ್ಷ ಹೊಳೆಯಲ್ಲಿ ಇದ್ದವನಿಗೆ ಇದೆಂತಕೆ?" ಎಂದು ಅಪ್ಪಯ್ಯ ಅದನ್ನು ಸೀಟಿನ ಹಿಂದೆ ಸಿಕ್ಕಿಸಿದರು. ದೊಡ್ಡವರಿಗೆ ಜಾಕೆಟ್ ದೋಣಿಯಲ್ಲಿದ್ದರೆ ಸಾಕು, 12 ವರ್ಷದವರೆಗಿನ ಮಕ್ಕಳು ಮಾತ್ರ ಹಾಕಿಕೊಂಡಿರಬೇಕು ಎಂಬುದು ನ್ಯೂಜೆರ್ಸಿಯ ಕಾನೂನು. ಕಾನೂನು ಪಾಲಿಸಿದೆನೆಂದು ನಾನೂ ಸುಮ್ಮನಾದೆ. ದಂಡೆಯಿಂದ ಎರಡು ಮಾರು ಹೋಗಿದ್ದರಷ್ಟೆ, ಹಿಂದೆ ಇಟ್ಟ ಗಾಳದ ಕೋಲು ತೆಗೆಯಲು ಸೊಂಟ ತಿರುಗಿಸಿದರು. ದೋಣಿ ಸದ್ದಿಲ್ಲದೆ ಮಗುಚಿತು.

ಮೇಲೆ ತಳ ಕಾಣುತ್ತಿದೆ, ಅಪ್ಪಯ್ಯ ಕಾಣುತ್ತಿಲ್ಲ. ನಾನು ಹಾರಿದೆ. ಎದೆಯುದ್ದದ ನೀರು, ಆದರೆ ಆ ತಂಪಿಗೆ ಉಸಿರು ಒಳಗೆಳೆದದ್ದು ಹೊರಗೆ ಬರಲಿಲ್ಲ. ಕಾಲು ಬಿಡಿಸಿಕೊಂಡು ಅವರು ಮೇಲೆದ್ದರು, ಏದುತ್ತಿದ್ದರು, ಮಾತು ಹೊರಡುತ್ತಿರಲಿಲ್ಲ. ದಂಡೆ ಕಡಿದಾಗಿತ್ತು, ಅಲ್ಲಿ ಗಾಳ ಹಾಕುತ್ತಿದ್ದ ಅಪರಿಚಿತರೊಬ್ಬರು ತೋಳು ಹಿಡಿದು ಎಳೆದರು. ಒಟ್ಟು ಎರಡು ನಿಮಿಷವಿರಬಹುದು. ಕಾರಿನಲ್ಲಿ ಹೀಟರ್ ಪೂರ್ತಿ ಹಾಕಿದರೂ ಮನೆ ತಲುಪುವವರೆಗೆ ಅವರ ಹಲ್ಲು ಕಟಕಟ ಎನ್ನುತ್ತಿತ್ತು.

ನೆರೆಯ ನ್ಯೂಯಾರ್ಕ್ ಮತ್ತು ಪೆನ್ಸಿಲ್ವೇನಿಯಾಗಳಲ್ಲಿ ನವೆಂಬರಿನಿಂದ ಏಪ್ರಿಲ್ ಮುಗಿಯುವವರೆಗೆ ಇಂಥ ಸಣ್ಣ ದೋಣಿಗಳಲ್ಲಿ ಎಲ್ಲರೂ ಜಾಕೆಟ್ ಹಾಕಿಕೊಂಡೇ ಇರಬೇಕೆಂಬ ನಿಯಮವಿದೆ ಎಂದು ಆಮೇಲೆ ತಿಳಿಯಿತು. ಅದೇಕೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ತಣ್ಣೀರಿಗೆ ಬಿದ್ದ ಮೊದಲ ನಿಮಿಷ ಉಸಿರೇ ನಮ್ಮ ಮಾತು ಕೇಳುವುದಿಲ್ಲ. ಈಜು ಬಲ್ಲವರೂ ಮುಳುಗುವುದು ಆಗಲೇ.

ಅಮ್ಮ ನನ್ನನ್ನು ಬೈಯಲಿಲ್ಲ. ಅಪ್ಪಯ್ಯನ ತಲೆ ಒರೆಸುತ್ತ, "ಇನ್ನು ದೋಣಿ ಹತ್ತಿದ್ರೆ ನನ್ನಾಣೆ" ಎಂದರು. ಮುಗಿಯಿತು. ಐವತ್ತು ವರ್ಷ ಯಾವ ಹೊಳೆಯೂ ಕಸಿದುಕೊಳ್ಳದ್ದನ್ನು ನಾನು ಒಂದು ಅಗ್ಗದ ವ್ಯಾಪಾರದಲ್ಲಿ ಕಸಿದುಕೊಂಡಿದ್ದೆ. ಅಪ್ಪಯ್ಯ ಮತ್ತೆ ಕಿಟಕಿಗೆ ಹೋದರು. ಈ ಸಲ ಹೊರಗೆ ನೋಡುತ್ತಲೂ ಇರಲಿಲ್ಲ.

ಮೂರು ವಾರ ಕಳೆದಿರಬೇಕು. ಒಂದು ರಾತ್ರಿ ಮೊಮ್ಮಗಳ ನೋಟ್‌ಬುಕ್ ಎಳೆದುಕೊಂಡು, ನನ್ನನ್ನು ಎದುರು ಕೂರಿಸಿಕೊಂಡು, ಪಾಠ ಶುರು ಮಾಡಿದರು. "ಹರಿಗೋಲು ಕಂಡಿದ್ದಿಯಲ್ದಾ?" ಕಂಡಿದ್ದೆ. ಹೈಸ್ಕೂಲು ಪ್ರವಾಸದಲ್ಲಿ ಹಂಪೆಯ ತುಂಗಭದ್ರೆಯಲ್ಲಿ ಕೂತೂ ಇದ್ದೆ. ಬಿದಿರಿನ ಬುಟ್ಟಿ, ಹಿಂದೆ ಚರ್ಮದ ಹೊದಿಕೆ, ಈಗ ಡಾಂಬರು ಬಳಿದ ಶೀಟು. "ಅದು ಎಂತಕೆ ಮಗುಚುದಿಲ್ಲ? ತಳ ಚಪ್ಪಟೆ, ಅಗಲ, ಕೂತವರೆಲ್ಲ ಕೆಳಗೆ. ನಿನ್ನ ಬಾಳೆದಿಂಡಿಗೆ ತಳ ಎಲ್ಲಿತ್ತು?"

ಸುರತ್ಕಲ್ಲಿನಲ್ಲಿ ಮೆಕ್ಯಾನಿಕಲ್ ಓದಿ, ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರಿನಲ್ಲಿ ಅದನ್ನೆಲ್ಲ ಮರೆತವನು ನಾನು. ಅಂದು ರಾತ್ರಿ ನೆನಪಾಯಿತು. ಉಳಿದದ್ದೆಲ್ಲ ಒಂದೇ ಇದ್ದರೆ, ದೋಣಿಯನ್ನು ನೆಟ್ಟಗೆ ನಿಲ್ಲಿಸುವ ಗುಣ ಅಗಲದ ಘನಕ್ಕೆ ತಕ್ಕಂತೆ ಹೆಚ್ಚುತ್ತದೆ. 24 ಇಂಚಿನ ಜಾಗಕ್ಕೆ 34 ಇಂಚು ಬಂದರೆ ಅಗಲ ಒಂದೂವರೆ ಪಟ್ಟೂ ಆಗಲಿಲ್ಲ, ಆದರೆ ಈ ಗುಣ ಸುಮಾರು 2.8 ಪಟ್ಟು. ನಾನು ಕೊಂಡದ್ದು ಕೆಟ್ಟ ದೋಣಿಯಲ್ಲ, ಬೇರೆ ಕೆಲಸದ ದೋಣಿ. ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನ ಸೀಲ್ ಚರ್ಮ ಹೊದಿಸಿ ಮಾಡುತ್ತಿದ್ದ ಬೇಟೆಯ ದೋಣಿಯ ವಂಶದ್ದು: ವೇಗ ಬೇಕು, ಅಲೆ ಸೀಳಬೇಕು. ಅಪ್ಪಯ್ಯನಿಗೆ ಬೇಕಾದದ್ದು ಹರಿಗೋಲಿನ ವಂಶದ್ದು.

ಅಂದಿನಿಂದ ಒಂದು ತಿಂಗಳು ಅಪ್ಪ ಮಗ ಅಂಗಡಿ ಅಂಗಡಿ ತಿರುಗಿದೆವು. ನಿಮ್ಮಲ್ಲಿ ಯಾರಾದರೂ ಕೊಳ್ಳುವವರಿದ್ದರೆ, ನಾವು ಕಲಿತದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೇಲೆ ಕೂರುವ ಸಿಟ್-ಆನ್-ಟಾಪ್ ಮಾದರಿ ತೆಗೆದುಕೊಳ್ಳಿ. ಬಿದ್ದರೆ ಕಾಲು ಸಿಕ್ಕಿಕೊಳ್ಳುವುದಿಲ್ಲ, ಒಳಗೆ ಬಿದ್ದ ನೀರು ತಳದ ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಅಗಲ 33 ಇಂಚಿಗೆ ಕಡಿಮೆ ಬೇಡ. ತಳವನ್ನು ಬಗ್ಗಿ ನೋಡಿ: ಚಪ್ಪಟೆ ಇರಬೇಕು, ಇಲ್ಲವೇ ಎರಡು ಬದಿಗೂ ಉಬ್ಬಿ ನಡುವೆ ಕಾಲುವೆಯಂತೆ ತಗ್ಗಿರಬೇಕು. ಎದ್ದು ನಿಂತು ಗಾಳ ಹಾಕುವವರಿಗೆ ಎರಡನೆಯದೇ ಮೇಲು. ಹೊರುವ ತೂಕ ಎಂದು ಬರೆದಿರುತ್ತಾರಲ್ಲ, ಅದರ ಮೂರನೇ ಎರಡು ಪಾಲಿಗಿಂತ ಹೆಚ್ಚು ಹೇರಬೇಡಿ. ಸೀಟು ಎತ್ತರವಾದಷ್ಟು ಮಂಡಿನೋವಿನವರಿಗೆ ಸುಖ, ಆದರೆ ದೋಣಿಗೆ ಓಲಾಟ. ಎತ್ತರ ತಗ್ಗಿಸಲು ಬರುವ ಸೀಟು ಇದ್ದರೆ ಒಳ್ಳೆಯದು.

ಕಾಲಲ್ಲಿ ತುಳಿಯುವ ಪೆಡಲ್ ಕಯಾಕ್ ಮೇಲೆ ನನಗೆ ಕಣ್ಣಿತ್ತು. ಕೈ ಎರಡೂ ಗಾಳಕ್ಕೆ ಬಿಡುವು. ಆದರೆ ಅದರ ಪ್ರೊಪೆಲ್ಲರ್ ತಳದಿಂದ ಒಂದಡಿಗೂ ಹೆಚ್ಚು ಕೆಳಗೆ ತಿರುಗುತ್ತದೆ. ಆಳವಿಲ್ಲದ ನೀರಿನಲ್ಲಿ ಕೆಸರು, ತಾವರೆ ಬಳ್ಳಿ, ಎಲ್ಲವನ್ನೂ ಸುತ್ತಿಕೊಳ್ಳುತ್ತದೆ. ರೆಕ್ಕೆಯಂತೆ ಬಡಿಯುವ, ತಳಕ್ಕೆ ಅಂಟುವಂತೆ ಮಡಚಬಹುದಾದ ಪೆಡಲೂ ಇದೆ, ಬೆಲೆ ಮಾತ್ರ ಮಡಚುವುದಿಲ್ಲ. ನಾವು ಹುಟ್ಟು ಹಾಕುವುದನ್ನೇ ಆರಿಸಿದೆವು. 12 ಅಡಿ, 34 ಇಂಚು, ಚಪ್ಪಟೆ ತಳ. ಅಪ್ಪಯ್ಯ ಕೂತರೂ ನಾಲ್ಕೈದು ಇಂಚು ನೀರಿದ್ದರೆ ತೇಲುತ್ತದೆ. ಬಿಟ್ಟಿ ಏನೂ ಸಿಗುವುದಿಲ್ಲವಲ್ಲ: ದೋಣಿ 75 ಪೌಂಡು ಭಾರ, ಎಮ್ಮೆಯಂತೆ ನಿಧಾನ, ಗಾಳಿ ಬಂದರೆ ಪಕ್ಕಕ್ಕೆ ಜಾರುತ್ತದೆ. ಸಾಗಿಸಲು ಚಕ್ರದ ಗಾಡಿ ಬೇರೆ ಬೇಕು. ಚಪ್ಪಟೆ ತಳ ಕೆರೆಗೆ ಸರಿ, ದೊಡ್ಡ ಅಲೆಯ ಕಡಲಿಗೆ ಸರಿಯಲ್ಲ. ಅಲೆ ಹೇಗೆ ಓರೆಯಾಗುತ್ತದೋ ದೋಣಿಯೂ ಹಾಗೇ ಓರೆಯಾಗುತ್ತದೆ.

ದೋಣಿ ಬಂತು. ಅಮ್ಮನ ಆಣೆ ಹಾಗೇ ಇತ್ತು. "ಮೊದಲು ನೀ ಬೀಳು. ಅವಳ ಎದುರೇ ಬೀಳು" ಎಂದರು ಅಪ್ಪಯ್ಯ.

ಜೂನ್ ಕೊನೆಗೆ ನೀರು ಬೆಚ್ಚಗಾದ ಮೇಲೆ ಫ್ಯಾರಿಂಗ್ಟನ್ ಲೇಕ್‌ಗೆ ಹೋದೆವು. ಲಾರೆನ್ಸ್ ಬ್ರೂಕ್ ಹೊಳೆಗೆ ಒಡ್ಡು ಕಟ್ಟಿ ಆದ ಕೆರೆ ಅದು. ದಂಡೆಯಲ್ಲಿ ಮಡಚುವ ಕುರ್ಚಿ ಹಾಕಿ, ಚಕ್ಕುಲಿ ಡಬ್ಬಿ ತೊಡೆಯ ಮೇಲಿಟ್ಟು ಅಮ್ಮ ನ್ಯಾಯಾಧೀಶರಂತೆ ಕೂತರು. ಸೊಂಟದುದ್ದದ ನೀರಿನಲ್ಲಿ ನಾನು ಜಾಕೆಟ್ ಹಾಕಿಕೊಂಡು ದೋಣಿಯಲ್ಲಿ ನಿಂತೆ, ಕುಣಿದೆ, ಒಂದು ಬದಿಗೆ ಕೂತು ಕಾಲು ಇಳಿಬಿಟ್ಟೆ, ಹಿಂದಕ್ಕೆ ತಿರುಗಿ ಗಾಳದ ಕೋಲು ತೆಗೆದೆ. ಮಗುಚಲಿಲ್ಲ. ಕೊನೆಗೆ ಅಂಚಿಗೇ ತೂಕ ಹಾಕಿ ಬೇಕೆಂದೇ ಮಗುಚಿ, ಮತ್ತೆ ತಿರುಗಿಸಿ, ಕಾಲು ಬಡಿದು, ಹೊಟ್ಟೆಯ ಮೇಲೆ ಜಾರಿ ಹತ್ತಿ ತೋರಿಸಿದೆ. ಹೀಗೆ ಮೂರು ಸಲ. ನನ್ನ ಹೊಟ್ಟೆ ಹತ್ತಿಸುವುದೇ ಕಷ್ಟವಾಯಿತೆಂದು ಮಗಳು ನಕ್ಕಳು. ಅಮ್ಮ ನಗಲಿಲ್ಲ. ಬಹಳ ಹೊತ್ತು ನೀರನ್ನೇ ನೋಡಿ, "ಆ ಜಾಕೆಟ್ ಹಾಕುದಾದ್ರೆ ಹೋಯ್ಲಿ" ಎಂದರು.

ಅಪ್ಪಯ್ಯ ಮರುಮಾತಾಡದೆ ಜಾಕೆಟ್ ಹಾಕಿಕೊಂಡರು. ಅಮ್ಮನೇ ಬಂದು ಬಕ್ಕಲ್ ಎಳೆದು ಬಿಗಿ ಮಾಡಿದರು. ಕುರ್ಚಿಯಲ್ಲಿ ಕೂತಂತೆ ಕೂತು, ಮೆಲ್ಲಗೆ ಹುಟ್ಟು ಹಾಕಿ, ತಾವರೆ ಎಲೆಗಳ ನಡುವೆ ಹೋಗಿ ನಿಂತರು. ಆಳವಿಲ್ಲದ ನೀರಿನಲ್ಲಿ ದೋಣಿ ನಿಲ್ಲಿಸಲು ಕೆಸರಿಗೆ ಊರುವ ಕೋಲೊಂದನ್ನು ನಾನು ಅಂಗಡಿಯಿಂದ ತಂದಿದ್ದೆ. ಅದನ್ನು ಕೈಯಲ್ಲಿ ಹಿಡಿದು, "ಗಳುವಿಗೂ ದುಡ್ಡು ಕೊಟ್ಯಾ?" ಎಂದು ಕೇಳಿದರು. ಮರುವಾರ ನೆರೆಯವರ ಹಿತ್ತಲಲ್ಲಿ ಬೇಲಿ ಹಾರಿ ಹಬ್ಬುತ್ತಿದ್ದ ಬಿದಿರು ಕಡಿದು ಎರಡು ಗಳು ಮಾಡಿದರು. ನೆರೆಯವರು ಇನ್ನೂ ಹತ್ತು ಕಡಿಯಿರಿ ಎಂದು ಬೇಡಿಕೊಂಡರು.

ಇಲ್ಲಿಯ ನಿವಾಸಿಯಲ್ಲದ್ದರಿಂದ ಸಿಹಿನೀರಿನ ಮೀನಿಗೆ ಅವರಿಗೂ ಪರವಾನಗಿ ಬೇಕಾಯಿತು. ಅದನ್ನು ಮಡಚಿ ಊರಿನ ಪಡಿತರ ಚೀಟಿಯಂತೆ ಜೋಪಾನವಾಗಿ ಇಟ್ಟುಕೊಂಡರು. ಸಿಕ್ಕಿದ್ದು ಅಂಗೈಯಗಲದ ಸನ್‌ಫಿಶ್‌ಗಳು, ಒಮ್ಮೆ ಒಂದು ಬಾಸ್. ಇಲ್ಲಿಯ ಕೆರೆ ಮೀನಿನಲ್ಲಿ ಪಾದರಸ ಇರುವುದರಿಂದ ತಿನ್ನುವುದಕ್ಕೆ ಮಿತಿಯಿದೆ, ಹಿಡಿದು ಬಿಟ್ಟುಬಿಡೋಣ ಎಂದಾಗ ಅವರಿಗೆ ಅರ್ಥವೇ ಆಗಲಿಲ್ಲ. "ಬಿಡುದಾದ್ರೆ ಹಿಡಿದದ್ದು ಎಂತಕೆ?" ಆದರೂ ಒಂದೊಂದನ್ನೂ ಎರಡು ಕೈಯಲ್ಲಿ ನೀರಿಗೆ ಇಳಿಸಿ, ಅದು ಈಜಿಹೋಗುವ ತನಕ ನೋಡುತ್ತಿದ್ದರು. ಆಗಸ್ಟಿನಲ್ಲಿ ಬಾರ್ನೆಗಟ್ ಕೊಲ್ಲಿಗೂ ಹೋದೆವು. ಸರಾಸರಿ ಐದಡಿ ಆಳದ ಉಪ್ಪುನೀರು, ಭರತ, ಇಳಿತ, ಏಡಿ, ಎಲ್ಲ ಇದ್ದವು. ನಾನು ಬಾಡಿಗೆಯ ಕಯಾಕ್‌ನಲ್ಲಿ ಪಕ್ಕದಲ್ಲಿದ್ದೆ. ಗಳು ಊರಿ, ಗಾಳಿ ಮೂಸಿ, "ನಮ್ಮ ಹೊಳೆಯ ವಾಸನೆಯೇ" ಎಂದರು. ಅಂದು ಏಡಿ ಸಾರು ಮಾಡಿದವರು ಅಮ್ಮ.

ಸೆಪ್ಟೆಂಬರಿನಲ್ಲಿ ಅವರು ಊರಿಗೆ ಹೊರಟರು. ಮರುವರ್ಷ ಮಂಡಿಯ ಆಪರೇಷನ್ ಆಯಿತು. ಇಷ್ಟು ದೂರದ ವಿಮಾನ ಇನ್ನು ಸಾಧ್ಯವಿಲ್ಲವೆಂದು ಅವರೇ ತೀರ್ಮಾನಿಸಿದ್ದಾರೆ. ದೋಣಿಯಲ್ಲಿ ಈಗ ಕೂರುವವಳು ನನ್ನ ಮಗಳು. ಹಳೆಯ 24 ಇಂಚಿನದನ್ನು, ನಡೆದದ್ದೆಲ್ಲ ಹೇಳಿಯೇ, ಅದನ್ನು ನಡೆಸಬಲ್ಲ ಒಬ್ಬ ಹುಡುಗನಿಗೆ ಕೊಟ್ಟೆ.

ಭಾನುವಾರ ಬೆಳಿಗ್ಗೆ ಗಾಡಿಗೆ ದೋಣಿ ಕಟ್ಟುವಾಗ ಊರಿಗೆ ಫೋನು ಮಾಡುತ್ತೇವೆ. ಅಲ್ಲಿ ಸಂಜೆಯಾಗಿರುತ್ತದೆ. ಮೀನು ಸಿಕ್ಕಿತೇ ಎಂದು ಅಪ್ಪಯ್ಯ ಎಂದೂ ಕೇಳುವುದಿಲ್ಲ. ಕೇಳುವುದು ಒಂದೇ ಪ್ರಶ್ನೆ, ಅದಕ್ಕೆ ಉತ್ತರ ಬರುವ ತನಕ ಹಿಂದಿನಿಂದ ಅಮ್ಮನೂ ಕಿವಿಗೊಟ್ಟಿರುತ್ತಾರೆ.

"ಮಗು ಜಾಕೆಟ್ ಹಾಕಿತಾ?"