ಸವಕಳಿಯಲ್ಲ, ಐಬು

ಪ್ರತಿ ರಂಜಾನ್‌ನಲ್ಲಿ ನಮ್ಮ ಮನೆಯಲ್ಲಿ ಒಂದು ದಿನ ಬೆಳ್ಳಿ ತೂಗುವ ದಿನ. ಜಕಾತ್ ಲೆಕ್ಕಕ್ಕಾಗಿ ಅಮ್ಮಿ ಮತ್ತು ದಾದಿ ತಮ್ಮ ಕಾಲ್ಗೆಜ್ಜೆ, ಉಂಗುರ, ಸುರ್ಮೆದಾನಿ ಎಲ್ಲವನ್ನೂ ಒಂದು ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗೆ ಕೊಡುತ್ತಾರೆ. ನಾನು ಬೆಳ್ಳಿ ಅಂಗಡಿಗೆ ಹೋಗಿ ತೂಕ ಬರೆಸಿಕೊಂಡು ಬರುತ್ತೇನೆ. ಮನೆಯಲ್ಲಿ ಕಾಮರ್ಸ್ ಓದುವವನು ನಾನೊಬ್ಬನೇ. ಹಾಗಾಗಿ ಲೆಕ್ಕದ ಕೆಲಸವೆಲ್ಲ ನನ್ನ ತಲೆಗೆ.

ಕಳೆದ ವರ್ಷ ಆ ಗಂಟಿನಲ್ಲಿ ಒಂದು ದೊಡ್ಡ ನಾಣ್ಯವೂ ಇತ್ತು. ನನ್ನ ನಾನಾ ಹಡಗಿನಲ್ಲಿ ಅಡುಗೆಯವರಾಗಿದ್ದರು. ಯಾವುದೋ ಬಂದರಿನಲ್ಲಿ ಸಿಕ್ಕಿದ್ದನ್ನು ಜೋಪಾನವಾಗಿ ಇಟ್ಟುಕೊಂಡು, ಅಮ್ಮಿಯ ನಿಕಾಹ್ ದಿನ ಅವರಿಗೆ ಕೊಟ್ಟಿದ್ದರಂತೆ. ಒಂದು ಬದಿಯಲ್ಲಿ ಹೆಣ್ಣಿನ ಮುಖ, 1892 ಎಂಬ ಇಸವಿ. ಇನ್ನೊಂದು ಬದಿಯಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಅಂಗಡಿಯವರು ತೂಗಿ 26.7 ಗ್ರಾಂ ಎಂದರು. ಆಮೇಲೆ ಬೆಳಕಿಗೆ ಹಿಡಿದು, "ತುಂಬ ಸವೆದಿದೆ, ನೋಡಪ್ಪ, ಕಿವಿ ಮೇಲಿನ ಕೂದಲೇ ಕಾಣ್ತಿಲ್ಲ. ಮಾರೋದಾದ್ರೆ ಬೆಳ್ಳಿ ರೇಟಿಗೆ ತಗೋತೀನಿ, ಅದರಲ್ಲೂ ಸ್ವಲ್ಪ ಕಡಿತ ಆಗುತ್ತೆ" ಎಂದರು.

ಆ ದಿನಗಳಲ್ಲಿ ಮನೆಯಲ್ಲಿ ಹಣದ ಮಾತೇ ನಡೆದಿತ್ತು. ನಾನು ಸಿ.ಎ. ಫೌಂಡೇಶನ್ ಕೋಚಿಂಗ್ ಸೇರಬೇಕಿತ್ತು. ಅಬ್ಬಾ ಹಳೆಯ ಮರದ ಸಾಮಾನು ಕೊಂಡು ರಿಪೇರಿ ಮಾಡಿ ಮಾರುವವರು. ಮೊದಲ ಕಂತಿಗೇ ಅವರು ಒದ್ದಾಡುತ್ತಿದ್ದರು. ಅಮ್ಮಿ ತಾವಾಗಿಯೇ, "ಆ ನಾಣ್ಯ ಮಾರಿಬಿಡಿ" ಎಂದರು. ದಾದಿ, "ಕೊಡುವ ಮೊದಲು ಹಲ್ಲುಪುಡಿ ಹಾಕಿ ಉಜ್ಜಿ ಕೊಡ್ತೀನಿ, ಹೊಸದರ ಹಾಗೆ ಹೊಳೆಯುತ್ತೆ" ಎಂದು ಕೂತರು.

ನನಗೆ ಮಾತ್ರ ಒಂದು ಅನುಮಾನ. ಲೆಕ್ಕಶಾಸ್ತ್ರದಲ್ಲಿ ನಾವು ಸವಕಳಿ ಎಂಬ ಪಾಠ ಓದಿದ್ದೇವೆ. ಬಳಸಿ ಬಳಸಿ ಆಸ್ತಿಯ ಬೆಲೆ ಇಳಿಯುವುದು ಸವಕಳಿ. ನಾಣ್ಯ ಅಷ್ಟೊಂದು ಕೈ ಬದಲಾಯಿಸಿ ಸವೆದಿದ್ದರೆ ಅಕ್ಷರಗಳೂ ಇಸವಿಯೂ ಸವೆಯಬೇಕಿತ್ತಲ್ಲ? ಅವು ಚೂಪಾಗಿಯೇ ಇದ್ದವು. ಮರುದಿನ ಅದನ್ನು ನಮ್ಮ ಅರ್ಥಶಾಸ್ತ್ರದ ಸರ್ ಬಳಿ ಒಯ್ದೆ. ಅವರು ನಾಣ್ಯ ಸಂಗ್ರಹಿಸುತ್ತಾರೆಂದು ನಮಗೆಲ್ಲ ಗೊತ್ತಲ್ಲ.

ಸರ್ ಸ್ಟಾಫ್ ರೂಮಿನ ಕಿಟಕಿಯ ಬಳಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಇದು ಅಮೆರಿಕದ ಮಾರ್ಗನ್ ಡಾಲರ್. ಜಾರ್ಜ್ ಮಾರ್ಗನ್ ಎಂಬ ಇಂಗ್ಲೆಂಡಿನಿಂದ ಬಂದ ಕೆತ್ತನೆಗಾರ ರೂಪಿಸಿದ್ದು. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಅಚ್ಚಾಯಿತು. ಸರಿಯಾದ ತೂಕ 26.73 ಗ್ರಾಂ. ನೂರಕ್ಕೆ ತೊಂಬತ್ತು ಭಾಗ ಬೆಳ್ಳಿ, ಹತ್ತು ಭಾಗ ತಾಮ್ರ. ಆ ಮುಖಕ್ಕೆ ಮಾದರಿಯಾದವರು ಅನ್ನಾ ವಿಲಿಯಮ್ಸ್ ಎಂಬ ಫಿಲಡೆಲ್ಫಿಯಾದ ಶಾಲಾ ಶಿಕ್ಷಕಿ. ಹದ್ದಿನ ಕೆಳಗೆ ಸಣ್ಣದಾಗಿ 'ಓ' ಎಂಬ ಇಂಗ್ಲಿಷ್ ಅಕ್ಷರವಿತ್ತು. ಅದು ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಗುರುತು.

"ಇದು ಸವೆದದ್ದಲ್ಲ, ಸರಿಯಾಗಿ ಅಚ್ಚು ಬೀಳದ್ದು" ಎಂದರು ಸರ್.

ಅವರು ವಿವರಿಸಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಾಣ್ಯ ಮಾಡುವಾಗ ಬೆಳ್ಳಿಯ ಬಿಲ್ಲೆಯನ್ನು ಎರಡು ಉಕ್ಕಿನ ಅಚ್ಚುಗಳ ನಡುವೆ ಇಟ್ಟು ಯಂತ್ರ ಒಂದೇ ಸಲ ಬಲವಾಗಿ ಒತ್ತುತ್ತದೆ. ಆ ಒತ್ತಡಕ್ಕೆ ಲೋಹ ಹರಿದು ಅಚ್ಚಿನ ಹಳ್ಳಗಳನ್ನು ತುಂಬಬೇಕು. ಮಾರ್ಗನ್ ಡಾಲರಿನಲ್ಲಿ ಕಿವಿಯ ಮೇಲಿನ ಕೂದಲಿನ ಹಳ್ಳ ಆಳ. ಅದರ ನೇರ ಹಿಂದೆಯೇ ಹದ್ದಿನ ಎದೆ, ಅದೂ ಆಳ. ಒಂದೇ ಜಾಗದ ಬೆಳ್ಳಿ ಎರಡೂ ಕಡೆಗೆ ಹರಿಯಬೇಕು. ಅಚ್ಚುಗಳ ನಡುವಿನ ಅಂತರ ಕೂದಲೆಳೆಯಷ್ಟು ಹೆಚ್ಚಾದರೂ ಸಾಕು, ಎಲ್ಲಕ್ಕಿಂತ ಮೊದಲು ಸಪ್ಪೆಯಾಗುವುದು ಆ ಎರಡು ಜಾಗಗಳೇ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚಾದ ಹಳೆಯ ಡಾಲರುಗಳಲ್ಲಿ ಹದ್ದಿನ ಎದೆಯ ಪುಕ್ಕ ಒಂದೊಂದಾಗಿ ಎಣಿಸಬಹುದಂತೆ. ನ್ಯೂ ಆರ್ಲಿಯನ್ಸ್‌ನ ನಾಣ್ಯಗಳಿಗೆ ಸಪ್ಪೆ ಅಚ್ಚಿನ ಹೆಸರು ಮೊದಲಿನಿಂದಲೂ ಇದೆ. ಅದರಲ್ಲೂ 1892ನೇ ಇಸವಿಯವು ಇದಕ್ಕೆ ಪ್ರಸಿದ್ಧ.

ಹಾಗಾದರೆ ಸವೆದದ್ದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದು ಹೇಗೆ? ಸರ್ ನಾಣ್ಯವನ್ನು ನನ್ನ ಕೈಗೆ ಕೊಟ್ಟು ಅಂಚು ಹಿಡಿದು ನಿಧಾನವಾಗಿ ಓರೆ ಮಾಡಲು ಹೇಳಿದರು. ಅಚ್ಚು ಒತ್ತುವಾಗ ಲೋಹ ಹರಿದ ಗುರುತಾಗಿ ಹೊಸ ನಾಣ್ಯದಲ್ಲಿ ಒಂದು ಹೊಳಪು ಉಳಿಯುತ್ತದೆ. ಓರೆ ಮಾಡಿದರೆ ಬೆಳಕು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತದೆ. ಕೈಯಿಂದ ಕೈಗೆ ಹೋಗಿ ಸವೆದ ನಾಣ್ಯದಲ್ಲಿ ಎತ್ತರದ ಜಾಗಗಳ ಹೊಳಪು ಮೊದಲು ಸತ್ತು ಅಲ್ಲಿ ಬೂದುಬಣ್ಣ ಬರುತ್ತದೆ. ನಮ್ಮ ನಾಣ್ಯದಲ್ಲಿ ಆ ಸಪಾಟು ಜಾಗದಲ್ಲೂ ಬೆಳಕು ಸುತ್ತುತ್ತಿತ್ತು. ಭೂತಗನ್ನಡಿಯಲ್ಲಿ ಅಲ್ಲಿ ಸಣ್ಣ ಸಣ್ಣ ತರಚುಗಳೂ ಕಂಡವು. ಅವು ಅಚ್ಚಾಗುವ ಮುಂಚೆ ಬಿಲ್ಲೆಯ ಮೇಲಿದ್ದ ಗೀರುಗಳು. ಅಚ್ಚು ಪೂರ್ತಿ ಮುಟ್ಟಿದ್ದರೆ ಅಳಿಸಿಹೋಗುತ್ತಿದ್ದವು.

ಆಗ ನನಗೆ ದಾದಿಯ ಹಲ್ಲುಪುಡಿ ನೆನಪಾಗಿ ಎದೆ ಧಸಕ್ಕೆಂದಿತು. ಉಜ್ಜಿದ್ದರೆ ಆ ಹೊಳಪೇ ಹೋಗುತ್ತಿತ್ತು, ಸಾಕ್ಷಿಯೂ ಹೋಗುತ್ತಿತ್ತು.

ಸರ್ ತಮ್ಮ ಪೆಟ್ಟಿಗೆಯಿಂದ 1918ರ ಜಾರ್ಜ್ ದೊರೆಯ ಒಂದು ಬೆಳ್ಳಿ ರೂಪಾಯಿ ತೆಗೆದು ಪಕ್ಕದಲ್ಲಿಟ್ಟರು. ಮೊದಲ ಮಹಾಯುದ್ಧದ ಕಾಲದಲ್ಲಿ ನೋಟಿನ ಬದಲು ಬೆಳ್ಳಿ ಕೊಡಿ ಎಂದು ಭಾರತದಲ್ಲಿ ಜನ ಮುಗಿಬಿದ್ದಾಗ ಬ್ರಿಟಿಷ್ ಸರ್ಕಾರಕ್ಕೆ ಬೆಳ್ಳಿ ಸಾಲದಾಯಿತು. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ತಂದು 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರುಗಳನ್ನು ಕರಗಿಸಿತು. ಅದರಲ್ಲಿ ಬಹುಪಾಲು ಬೆಳ್ಳಿ ಭಾರತದ ರೂಪಾಯಿಗಾಗಿ ಬ್ರಿಟನ್‌ಗೆ ಮಾರಾಟವಾಯಿತು. "ನಿನ್ನ ಡಾಲರಿನ ಅಣ್ಣತಮ್ಮಂದಿರು ನಮ್ಮ ಅಜ್ಜಂದಿರ ಕಿಸೆಯಲ್ಲಿ ರೂಪಾಯಿಯಾಗಿ ಓಡಾಡಿರಬಹುದು" ಎಂದು ಸರ್ ನಕ್ಕರು.

ಅವರ ಪರಿಚಯದ ಸಂಗ್ರಾಹಕರೊಬ್ಬರಿಗೆ ನಾನು ಫೋನಿನಲ್ಲಿ ಫೋಟೊ ತೆಗೆದು ಕಳಿಸಿದೆ. ಅವರು ಹೇಳಿದ ಬೆಲೆ ಕೇಳಿ ಖುಷಿಯಾಯಿತು. ಕೋಚಿಂಗ್‌ನ ಮೊದಲ ಕಂತು ಪೂರ್ತಿ ತೀರುತ್ತಿತ್ತು. ಆದರೆ ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಫೋಟೊ ತೆಗೆದ ಬೆಳಕಿನಲ್ಲಿ ಹೊಳಪು ಚೆನ್ನಾಗಿ ಕಾಣುತ್ತಿತ್ತು, ಕಿವಿಯ ಮೇಲಿನ ಸಪಾಟು ಕಾಣುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ನಾಲ್ಕು ಫೋಟೊ ತೆಗೆದು ಅದೊಂದನ್ನೇ ಆರಿಸಿ ಕಳಿಸಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಅಬ್ಬಾಗೆ ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ಐಬ್ ಬತಾಕೇ ಬೇಚೋ" ಎಂದಷ್ಟೇ ಹೇಳಿದರು. ಐಬು ಹೇಳಿ ಮಾರು. ಅಂಗಡಿಯಲ್ಲಿ ಅವರು ಮಾಡುವುದೂ ಅದನ್ನೇ. ಬೀರುವಿನ ಒಂದು ಕಾಲು ಬೇರೆ ಮರದ್ದಾಗಿದ್ದರೆ ಗಿರಾಕಿ ಕೇಳುವ ಮೊದಲೇ ಬಗ್ಗಿ ತೋರಿಸುತ್ತಾರೆ. ಮನೆಯಲ್ಲಿ ನಾವಾಡುವ ಐಬ್, ಶಾಲೆಯಲ್ಲಿ ನಾನು ಕಲಿತ ಐಬು, ಎರಡೂ ಒಂದೇ ಮಾತು. ಅದು ಒಂದೇ ಎಂದು ಆವತ್ತೇ ನನ್ನ ಗಮನಕ್ಕೆ ಬಂದದ್ದು.

ಉಳಿದ ಮೂರು ಫೋಟೊಗಳನ್ನೂ ಕಳಿಸಿದೆ. ಅವರು ಬೆಲೆ ಇಳಿಸಿದರು. ಬೆಳ್ಳಿ ಅಂಗಡಿಯವರು ಹೇಳಿದ್ದಕ್ಕಿಂತ ಹೆಚ್ಚು, ತಾವೇ ಮೊದಲು ಹೇಳಿದ್ದಕ್ಕಿಂತ ಕಡಿಮೆ. ಹೊಳಪು ಇದ್ದರೂ ಅಚ್ಚು ಸಪ್ಪೆಯಾದರೆ ಸಂಗ್ರಾಹಕರು ಅಷ್ಟು ಕೊಡುವುದಿಲ್ಲ, ಅದು ನ್ಯಾಯವೇ. ಕಡಿಮೆ ಬಿದ್ದದ್ದನ್ನು ಅಬ್ಬಾ ಹೇಗೋ ಸೇರಿಸಿದರು. ಈಗ ನಾನು ಭಾನುವಾರಗಳಲ್ಲಿ ಅವರ ಅಂಗಡಿಯ ಲೆಕ್ಕ ಬರೆದುಕೊಡುತ್ತೇನೆ.

ಉರ್ದುವಿನಲ್ಲಿ ಟಂಕಸಾಲೆಗೆ ಟಕ್ಸಾಲ್ ಎನ್ನುತ್ತಾರೆ. ಅಚ್ಚುಕಟ್ಟಾದ ಶುದ್ಧ ಭಾಷೆಗೆ ಟಕ್ಸಾಲಿ ಜಬಾನ್ ಎಂಬ ಹೆಸರು. ನಮ್ಮ ಮನೆಯ ದಖನಿ ಟಕ್ಸಾಲಿ ಅಲ್ಲ ಎಂದು ನೆಂಟರು ನಗುತ್ತಾರೆ. ಎಂಟನೇ ತರಗತಿಯಲ್ಲಿ ಉರ್ದು ಮಾಧ್ಯಮದಿಂದ ಇಲ್ಲಿಗೆ ಬಂದಾಗ ನನ್ನ ಕನ್ನಡಕ್ಕೂ ನಗುತ್ತಿದ್ದರು. 'ಹ'ಕಾರ 'ಅ'ಕಾರದ ತಪ್ಪು ಈಗಲೂ ಆಗುತ್ತದೆ. ಈ ಲೇಖನ ಕೊಡುವಾಗ ಕನ್ನಡ ಮೇಡಂಗೆ ಮೊದಲೇ ಹೇಳಿದ್ದೇನೆ: ಐಬು ಇದೆ, ನೋಡಿ ತಗೊಳ್ಳಿ ಎಂದು.

ಗೆಳೆಯರೇ, ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಹಳೆಯ ನಾಣ್ಯ ಇರಬಹುದು. ದಯವಿಟ್ಟು ಹುಣಸೆಹಣ್ಣು, ಹಲ್ಲುಪುಡಿ ಹಾಕಿ ಉಜ್ಜಬೇಡಿ. ಮುಖವನ್ನು ಮುಟ್ಟದೆ ಅಂಚಿನಲ್ಲಿ ಹಿಡಿಯಿರಿ. ಮೊದಲು ತೂಗಿಸಿ, ಆಮೇಲೆ ಬೆಳಕಿನಲ್ಲಿ ಓರೆ ಮಾಡಿ ನೋಡಿ. ಸವೆದಿದೆ ಎಂದು ಯಾರಾದರೂ ಹೇಳಿದರೆ ನಮ್ಮ ಅರ್ಥಶಾಸ್ತ್ರದ ಸರ್ ಹತ್ತಿರ ಒಮ್ಮೆ ಬನ್ನಿ. ಭೂತಗನ್ನಡಿ ಅವರ ಮೇಜಿನ ಎಡಗಡೆಯ ಡ್ರಾಯರಿನಲ್ಲಿರುತ್ತದೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ